ಕೊಳದ ಉಸಿರು

ನೀರಿನಲ್ಲಿಯೇ ಹುಟ್ಟಿ ನೀರಿನಲ್ಲಿಯೇ ಬೆಳೆಯುವ ಮೀನು ಆ ನೀರಿನಲ್ಲಿಯೇ ಉಸಿರುಕಟ್ಟಿ ಸಾಯುವುದುಂಟೇ? ಕೇಳಿದವರು ನಗಬಹುದು. ಆದರೆ ಕೊಳವನ್ನು ಸಾಕಿದವರು ನಗುವುದಿಲ್ಲ. ಸಂಜೆ ಲವಲವಿಕೆಯಿಂದ ಓಡಾಡುತ್ತಿದ್ದ ಮೀನುಗಳೆಲ್ಲ ಬೆಳಗಾಗುವುದರೊಳಗೆ ಹೊಟ್ಟೆ ಮೇಲಾಗಿ ತೇಲುವ ದೃಶ್ಯವನ್ನು ಕಂಡವರು ನಮ್ಮ ನಾಡಿನಲ್ಲಿ ವಿರಳವೇನೂ ಅಲ್ಲ. ಇಂತಹ ಬೆಳಗಿನಲ್ಲಿ ಮೊದಲು ಹುಟ್ಟುವುದು ಸಂಶಯ. ‘ಯಾರೋ ವಿಷ ಬೆರಸಿದ್ದಾರೆ’ ಎಂಬ ಮಾತು ಬಾಯಿಂದ ಹೊರಬೀಳುತ್ತದೆ. ಪಕ್ಕದ ಹೊಲದವನ ಮೇಲೋ ದಾಯಾದಿಯ ಮೇಲೋ ಬೆರಳು ಎದ್ದುನಿಲ್ಲುತ್ತದೆ. ವರ್ಷಗಳ ನೆರೆಹೊರೆ ಒಂದೇ ದಿನದಲ್ಲಿ ಮುರಿದುಬೀಳುತ್ತದೆ. ವಿಷವೆಂಬುದು ಇಲ್ಲವೇ ಇಲ್ಲವೆಂದಲ್ಲ; ಆದರೆ ಅನೇಕ ಸಂದರ್ಭಗಳಲ್ಲಿ ನಿಜವಾದ ಅಪರಾಧಿ ಮನುಷ್ಯನಲ್ಲ, ಗಾಳಿಯ ಅಭಾವ.

ಇವೆರಡನ್ನೂ ಬೇರ್ಪಡಿಸಿ ತಿಳಿಯುವ ಕೆಲವು ಗುರುತುಗಳಿವೆ. ಉಸಿರುಕಟ್ಟಿದ ಮೀನುಗಳು ಬೆಳಗಿನ ಜಾವದಲ್ಲಿ ನೀರಿನ ಮೇಲ್ಗಡೆಗೆ ಬಂದು ಬಾಯಿ ತೆರೆದು ಏದುತ್ತವೆ. ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಸಾಯುತ್ತವೆ, ಮರಿಗಳು ಉಳಿಯುತ್ತವೆ. ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲ ಕೊರಮೀನು ಏನೂ ಆಗದಂತೆ ಇರುತ್ತದೆ. ವಿಷವಾದರೋ ಹೊತ್ತುಗೊತ್ತು ನೋಡುವುದಿಲ್ಲ, ದೊಡ್ಡದು ಚಿಕ್ಕದೆಂದು ಎಣಿಸುವುದೂ ಇಲ್ಲ.

ಪೇಟೆಯಲ್ಲಿ ವಾಸಿಸುವ ನಮ್ಮ ವಾಚಕರಿಗೆ ಈ ವಿಷಯವೇಕೆ ಎಂದು ಕೇಳಬಹುದು. ಕಾರಣವಿದೆ. ಉದ್ಯೋಗಕ್ಕಾಗಿ ಊರು ಬಿಟ್ಟವರಿಗೂ ಹಿರಿಯರ ಜಮೀನಿನ ನಂಟು ಬಿಟ್ಟಿಲ್ಲ. ನಂಟಿಲ್ಲದ ಕೆಲವರು ಹೊಸದಾಗಿ ಎರಡೆಕರೆ ಕೊಂಡು, ಭಾನುವಾರಗಳಲ್ಲಿ ಕೃಷಿಕರಾಗುತ್ತಿದ್ದಾರೆ. ಕರ್ನಾಟಕ ಸರ್ಕಾರವು 2014ರಲ್ಲಿ ‘ಕೃಷಿ ಭಾಗ್ಯ’ ಯೋಜನೆಯನ್ನು ಆರಂಭಿಸಿದ ಮೇಲಂತೂ ಮಳೆಯಾಶ್ರಯದ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ಹೊಂಡದಲ್ಲಿ ನೀರು ನಿಂತ ಮೇಲೆ ನಾಲ್ಕು ಮೀನುಮರಿಗಳನ್ನಾದರೂ ಬಿಡೋಣ, ಒಂದು ತಾವರೆಯನ್ನಾದರೂ ನೆಡೋಣ ಎಂಬ ಆಸೆ ಸಹಜವೇ. ಆದರೆ ಹೊಂಡವಿರುವುದು ಹೊಲದ ತಗ್ಗಿನ ಮೂಲೆಯಲ್ಲಿ. ವಿದ್ಯುತ್ ಕಂಬವಿರುವುದು ದೂರದ ರಸ್ತೆಯ ಬದಿಯಲ್ಲಿ. ಈ ಅಂತರವನ್ನು ದಾಟುವ ಬಗೆ ಹೇಗೆ?

ಮೊದಲು ನೀರಿನ ಲೆಕ್ಕವನ್ನು ನೋಡೋಣ. ಬೇಸಗೆಯ ದಿನ ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಒಂದು ಲೀಟರ್ ನೀರಾದರೋ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತಾನಾಗಿ ಕರಗಿಸಿಕೊಳ್ಳಬಲ್ಲದ್ದು ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ. ಬೆಂಗಳೂರಿನಂತೆ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಪ್ರದೇಶದಲ್ಲಿ ಅದರಲ್ಲಿಯೂ ಹತ್ತನೆಯ ಒಂದು ಪಾಲು ಕಡಮೆ. ಕಾಟ್ಲ, ರೋಹು, ಮೃಗಾಲ್ ಮೊದಲಾದ ಗೆಂಡೆ ಜಾತಿಯ ಮೀನುಗಳು ಚೆನ್ನಾಗಿ ಬೆಳೆಯಬೇಕಾದರೆ ಲೀಟರಿಗೆ ಐದು ಮಿಲಿಗ್ರಾಂ ಆದರೂ ಬೇಕು. ಮೂರಕ್ಕೆ ಇಳಿದರೆ ಅವು ಬಳಲುತ್ತವೆ. ಒಂದರ ಹತ್ತಿರಕ್ಕೆ ಬಂದರೆ ಬದುಕುವುದು ಕಷ್ಟ. ಐಶ್ವರ್ಯಕ್ಕೂ ದಾರಿದ್ರ್ಯಕ್ಕೂ ನಡುವೆ ಇರುವ ಅಂತರ ಇಷ್ಟೇ!

ಈ ಅಲ್ಪ ಐಶ್ವರ್ಯವೂ ದಿನವಿಡೀ ಒಂದೇ ಸಮನಾಗಿರುವುದಿಲ್ಲ. ನೀರನ್ನು ಹಸುರಾಗಿಸುವ ಸೂಕ್ಷ್ಮ ಪಾಚಿಯು ಹಗಲಿನಲ್ಲಿ ಬಿಸಿಲನ್ನುಂಡು ಆಮ್ಲಜನಕವನ್ನು ಬಿಡುತ್ತದೆ. ರಾತ್ರಿಯಾದೊಡನೆ ಅದೇ ಪಾಚಿ ಮೀನಿನಂತೆಯೇ ಆಮ್ಲಜನಕವನ್ನು ಬಳಸತೊಡಗುತ್ತದೆ. ಹಗಲು ದಾನಿಯಾದವನು ರಾತ್ರಿ ಸಾಲಗಾರನಾಗುವಂತೆ! ಆದುದರಿಂದಲೇ ಆಮ್ಲಜನಕವು ಅತ್ಯಂತ ಕಡಮೆಯಾಗುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ಎರಡು ಮೂರು ದಿನ ಮೋಡ ಕವಿದರೆ ಹಗಲಿನ ಗಳಿಕೆ ಕುಸಿಯುತ್ತದೆ, ರಾತ್ರಿಯ ಖರ್ಚು ಮಾತ್ರ ನಿಲ್ಲುವುದಿಲ್ಲ.

ಇನ್ನೊಂದು ಅಪಾಯ ತಳದಲ್ಲಿದೆ. ಬಿಸಿಲಿಗೆ ಕಾದ ಮೇಲಿನ ನೀರು ಹಗುರ, ಕೆಳಗಿನ ತಣ್ಣನೆಯ ನೀರು ಭಾರ. ಒಂದರ ಮೇಲೊಂದು ಹೊದಿಕೆಯಂತೆ ಇವು ಬೆರೆಯದೆ ನಿಲ್ಲುತ್ತವೆ. ತಳದ ಪದರದಲ್ಲಿ ಎಲೆ, ಸೆಗಣಿ, ಉಳಿದ ಆಹಾರ ಎಲ್ಲವೂ ಕೊಳೆತು ಅಲ್ಲಿಯ ಆಮ್ಲಜನಕ ಬರಿದಾಗಿರುತ್ತದೆ. ಆಗ ಒಂದು ಬಿರುಮಳೆ ಸುರಿದು ಮೇಲಿನ ನೀರು ಹಠಾತ್ತನೆ ತಣ್ಣಗಾದರೆ ಎರಡು ಪದರಗಳೂ ಕಲಸಿಹೋಗುತ್ತವೆ. ಬೇಸಗೆಯ ಮೊದಲ ಮಳೆಯ ಮರುದಿನವೇ ಮೀನುಗಳು ಸತ್ತವೆಂಬ ದೂರಿಗೆ ಮುಖ್ಯ ಕಾರಣಗಳಲ್ಲಿ ಇದೊಂದು.

ನೀರಿಗೆ ಗಾಳಿಯೂಡುವುದೆಂದರೆ ಗುಳ್ಳೆಗಳನ್ನು ಬಿಡುವುದೆಂದು ನಾವು ತಿಳಿದಿದ್ದೇವೆ. ಆಳ ಕಡಮೆಯಿರುವ ಹೊಂಡದಲ್ಲಿ ಗುಳ್ಳೆಯಿಂದ ನೇರವಾಗಿ ಕರಗುವ ಆಮ್ಲಜನಕ ಸ್ವಲ್ಪವೇ. ಗುಳ್ಳೆಯ ನಿಜವಾದ ಸೇವೆ ಬೇರೆಯದು: ಅದು ಮೇಲೇರುವಾಗ ತಳದ ನೀರನ್ನು ತನ್ನೊಡನೆ ಎಳೆದುತಂದು ಗಾಳಿಗೆ ಒಡ್ಡುತ್ತದೆ. ಪದರಗಳು ಒಡೆಯುತ್ತವೆ, ತಳವೂ ಉಸಿರಾಡುತ್ತದೆ. ಇದಕ್ಕೆ ಭಾರಿ ಯಂತ್ರವೇನೂ ಬೇಡ. ಹತ್ತು ಮೀಟರ್ ನೀರಿನ ಒತ್ತಡವು ಒಂದು ವಾಯುಮಂಡಲದ ಒತ್ತಡಕ್ಕೆ ಸಮ. ಎರಡು ಮೀಟರ್ ಆಳದ ಹೊಂಡದಲ್ಲಿ ಅದರ ಐದನೆಯ ಒಂದು ಪಾಲನ್ನು ಎದುರಿಸಿದರೆ ಸಾಕು. ನಿಮಿಷಕ್ಕೆ 60 ಲೀಟರ್ ಗಾಳಿ ದೂಡುವ ಸಣ್ಣ ಪಂಪಿಗೆ ಸುಮಾರು 60 ವ್ಯಾಟ್, ಎಂದರೆ ಹಳೆಯ ಕಾಲದ ಒಂದು ಬಲ್ಬಿನಷ್ಟೇ ವಿದ್ಯುತ್ತು ಬೇಕಾಗುತ್ತದೆ. ಇಪ್ಪತ್ತೊಂದು ಮೀಟರ್ ಉದ್ದಗಲದ ಹೊಂಡಕ್ಕೆ ಅದು ಧಾರಾಳ.

ಹಾಗಾದರೆ ಈ 60 ವ್ಯಾಟನ್ನು ಕೊಳದ ಬಳಿಗೆ ಒಯ್ಯುವುದು ಹೇಗೆ? ಮನೆಯ 12 ವೋಲ್ಟ್ ಬ್ಯಾಟರಿಯಿಂದ 200 ಮೀಟರ್ ತಂತಿಯೆಳೆದರಾಗದೇ ಎಂದು ಕೆಲವರು ಯೋಚಿಸುವುದುಂಟು. ಲೆಕ್ಕ ಹಾಕಿ ನೋಡಿ. 12 ವೋಲ್ಟಿನಲ್ಲಿ 60 ವ್ಯಾಟ್ ಎಂದರೆ ಐದು ಆಂಪೇರ್. ಎರಡೂವರೆ ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಹೋಗಿಬರುವ 400 ಮೀಟರಿಗೆ ಸುಮಾರು ಮೂರು ಓಮ್ ತಡೆಯೊಡ್ಡುತ್ತದೆ. ಐದು ಮೂರಲೆ ಹದಿನೈದು! ಇರುವುದೇ ಹನ್ನೆರಡು ವೋಲ್ಟ್, ದಾರಿಯ ಸುಂಕವೇ ಹದಿನೈದು. ಪಂಪಿಗೆ ಸಾಕಷ್ಟು ಶಕ್ತಿ ತಲುಪುವುದೇ ಇಲ್ಲ. 230 ವೋಲ್ಟಿನಲ್ಲಿ ಒಯ್ದರೆ ನಷ್ಟ ಒಂದು ವೋಲ್ಟೂ ಆಗದು, ನಿಜ. ಆದರೆ ಹೊಲದ ಮಧ್ಯೆ, ಒದ್ದೆ ನೆಲದಲ್ಲಿ, ದನಕರುಗಳೂ ಮಕ್ಕಳೂ ಓಡಾಡುವ ಕಡೆ ಮನೆಯ ವಿದ್ಯುತ್ತನ್ನು ಅಗ್ಗದ ತಂತಿಯಲ್ಲಿ ಎಳೆಯುವುದು ಯಮಧರ್ಮನಿಗೆ ಆಹ್ವಾನ ಕಳುಹಿಸಿದಂತೆ. ಕೆಲವು ಮೀನುಗಳನ್ನು ಉಳಿಸಹೋಗಿ ಮನುಷ್ಯನನ್ನು ಕಳೆದುಕೊಳ್ಳುವುದು ಯಾವ ಜಾಣತನ?

ಇಲ್ಲೊಂದು ಸರಳ ಉಪಾಯವಿದೆ. ವಿದ್ಯುತ್ತನ್ನು ಕೊಳಕ್ಕೆ ಒಯ್ಯಬೇಡಿ, ಗಾಳಿಯನ್ನೇ ಒಯ್ಯಿರಿ. ಪಂಪನ್ನು ವಿದ್ಯುತ್ತಿರುವ ಮನೆಯ ಜಗುಲಿಯಲ್ಲಿಯೋ ಪಂಪುಶೆಡ್ಡಿನಲ್ಲಿಯೋ ಇಟ್ಟು, ಅಲ್ಲಿಂದ ಪ್ಲಾಸ್ಟಿಕ್ ಕೊಳವೆಯನ್ನು ನೆಲದಡಿ ಹೂಳಿದರಾಯಿತು. ಕೊಳವೆ ಒಡೆದರೆ ‘ಬುಸ್’ ಎಂದೀತೇ ಹೊರತು ಯಾರ ಪ್ರಾಣವನ್ನೂ ತೆಗೆಯದು. ಆದರೆ ಕೊಳವೆಯ ಗಾತ್ರದಲ್ಲಿ ಜಿಪುಣತನ ಬೇಡ. ನಿಮಿಷಕ್ಕೆ 60 ಲೀಟರ್ ಗಾಳಿಯು 200 ಮೀಟರ್ ಸಾಗುವಾಗ ಒಂದಿಂಚಿನ ಕೊಳವೆಯಲ್ಲಿ ಆಗುವ ನಷ್ಟ ಒಂದು ಗೇಣು ನೀರಿನ ಒತ್ತಡಕ್ಕಿಂತಲೂ ಕಡಮೆ. ಅರ್ಧ ಇಂಚಿನ ಕೊಳವೆಯಾದರೆ ಅದೇ ನಷ್ಟ ಎರಡು ಮೀಟರನ್ನು ಮೀರುತ್ತದೆ; ಎಂದರೆ ಹೊಂಡದ ಆಳವನ್ನು ಎರಡರಷ್ಟು ಮಾಡಿದಂತೆ. ಅಂಗಡಿಯಲ್ಲಿ ಉಳಿಸಿದ ಹಣವನ್ನು ಪಂಪು ದಿನವೂ ತಿಂದುಹಾಕುತ್ತದೆ.

ಮನೆಯೂ ಇಲ್ಲ, ಕಂಬವೂ ಇಲ್ಲ ಎನ್ನುವ ಕಡೆ ಸೂರ್ಯನೇ ಗತಿ. ಆದರೆ ಸೂರ್ಯನು ದುಡಿಯುವುದು ಹಗಲು, ಮೀನು ಕಷ್ಟಪಡುವುದು ರಾತ್ರಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 60 ವ್ಯಾಟಿನ ಪಂಪು ನಡೆಯಬೇಕಾದರೆ 480 ವ್ಯಾಟ್-ಗಂಟೆ ಶಕ್ತಿ ಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಆದುದರಿಂದ 12 ವೋಲ್ಟಿನ, 100 ಆಂಪೇರ್-ಗಂಟೆಯ ಬ್ಯಾಟರಿ ಸೂಕ್ತ. ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲು, ಅದರಲ್ಲಿ ಮೂರರಷ್ಟು ಹತ್ತಂಶ ಸೋರಿಕೆ ಎಂದು ಹಿಡಿದರೆ 140 ವ್ಯಾಟಿನ ಸೌರಫಲಕ ಸಾಕೆಂದು ಕಾಗದದ ಲೆಕ್ಕ ಹೇಳುತ್ತದೆ. ಆದರೆ ಮೀನಿಗೆ ಗಾಳಿ ಹೆಚ್ಚು ಬೇಕಾಗುವುದು ಮೋಡದ ದಿನಗಳಲ್ಲಿಯೇ ಅಲ್ಲವೆ? ಅದಕ್ಕಾಗಿ 300 ವ್ಯಾಟ್ ಇಡುವುದು ವಿವೇಕ.

ಬ್ಯಾಟರಿಗೆ ಹಣವಿಲ್ಲದವರೂ ನಿರಾಶರಾಗಬೇಕಾಗಿಲ್ಲ. ಫಲಕದಿಂದ ನೇರವಾಗಿ ನಡೆಯುವ ಪಂಪನ್ನು ನಡುಹಗಲಿನಲ್ಲಿ ಓಡಿಸಿದರೂ ಪ್ರಯೋಜನವುಂಟು. ಆ ಹೊತ್ತಿನಲ್ಲಿ ಮೇಲಿನ ಪದರದಲ್ಲಿ ಪಾಚಿ ತಯಾರಿಸಿದ ಆಮ್ಲಜನಕ ತುಂಬಿತುಳುಕುತ್ತಿರುತ್ತದೆ. ಮೆಲ್ಲನೆ ಕಲಕಿದರೆ ಅದು ತಳಕ್ಕಿಳಿದು ಸಂಗ್ರಹವಾಗುತ್ತದೆ, ತಳದ ಕೊಳೆಯ ಹಳೆಯ ಸಾಲವೂ ತೀರುತ್ತಾ ಬರುತ್ತದೆ. ಆಗ ಕೊಳವೇ ಬ್ಯಾಟರಿ! ಆದರೆ ನೀರನ್ನು ಆಕಾಶಕ್ಕೆ ಚಿಮ್ಮಿಸುವ ಕಾರಂಜಿಯನ್ನು ಆ ಹೊತ್ತಿನಲ್ಲಿ ಹಚ್ಚಬಾರದು. ತುಂಬಿದ ಆಮ್ಲಜನಕವು ಗಾಳಿಗೆ ಹಾರಿಹೋಗುತ್ತದೆ.

ಗಾಳಿಯಂತ್ರದ ಮಾತೇನು? ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲೆ ಅದು ಚೆನ್ನಾಗಿ ತಿರುಗುತ್ತದೆ. ಆದರೆ ಎಲೆಯೂ ಅಲುಗದ ಬೇಸಗೆಯ ರಾತ್ರಿಯಲ್ಲಿಯೇ ಮೀನಿಗೆ ಸಂಕಟ ಹೆಚ್ಚು. ಆಗ ಗಾಳಿಯಂತ್ರವೂ ನಿದ್ರಿಸುತ್ತಿರುತ್ತದೆ. ಮಲೆನಾಡಿನವರು ಭಾಗ್ಯವಂತರು. ಗುಡ್ಡದಿಂದ ದಂಬೆಯಲ್ಲಿ ಹರಿದುಬರುವ ನೀರನ್ನು ಎರಡು ಮೂರು ಕಲ್ಲುಮೆಟ್ಟಿಲುಗಳ ಮೇಲೆ ಬೀಳಿಸಿ ಕೊಳಕ್ಕೆ ಬಿಟ್ಟರೆ ಅದಕ್ಕಿಂತ ಅಗ್ಗದ ಯಂತ್ರವಿಲ್ಲ. ಬೀಳುವ ನೀರಿನ ಈ ಶಕ್ತಿಯನ್ನು ಹೀನಾಯವಾಗಿ ಎಣಿಸಬೇಡಿ. ಪಿರೆನೀಸ್ ಪರ್ವತಗಳ ಕಮ್ಮಾರರು ಹಿಂದೆ ಕುಲುಮೆಗೆ ಗಾಳಿಯೂಡಿದ್ದು ಇದರಿಂದಲೇ: ಕೊಳವೆಯಲ್ಲಿ ಬೀಳುವ ನೀರು ಗಾಳಿಯನ್ನು ಸೆಳೆದುಕೊಂಡು ಹೋಗಿ, ಕೆಳಗಿನ ಪೆಟ್ಟಿಗೆಯಲ್ಲಿ ಬಿಟ್ಟುಕೊಡುತ್ತದೆ. ಕೆನಡಾದ ಕೋಬಾಲ್ಟ್ ಪಟ್ಟಣದ ಬೆಳ್ಳಿಯ ಗಣಿಗಳಿಗಾಗಿ ಚಾರ್ಲ್ಸ್ ಟೇಲರ್ ಎಂಬ ಇಂಜಿನಿಯರು ಇದೇ ತತ್ತ್ವದ ಮೇಲೆ ಸುಮಾರು 350 ಅಡಿ ಆಳದ ಸ್ಥಾವರವೊಂದನ್ನು ನಿರ್ಮಿಸಿದನು. 1910ರಲ್ಲಿ ಆರಂಭವಾದ ಅದು ಗಾಳಿಯನ್ನು ಒತ್ತುವ ಕೆಲಸದಲ್ಲಿ ತಿರುಗುವ ಚಕ್ರವೊಂದೂ ಇಲ್ಲದೆ, 1981ರವರೆಗೆ ದುಡಿಯಿತು!

ಯಾವ ವಿಧಾನವನ್ನು ಆರಿಸಿದರೂ ಕೆಲವು ಎಚ್ಚರಿಕೆಗಳು ಅಗತ್ಯ. ಎಣ್ಣೆ ಬಳಸುವ ಕಂಪ್ರೆಸರ್ ಬೇಡ. ಎಣ್ಣೆಯ ಹನಿ ನೀರಿಗೆ ಸೇರುತ್ತದೆ. ಪಂಪು ನೀರಿನ ಮಟ್ಟಕ್ಕಿಂತ ಮೇಲಿರಲಿ, ಕೊಳವೆಯಲ್ಲಿ ಹಿಮ್ಮುಖ ತಡೆಯ ಕವಾಟವಿರಲಿ. ಇಲ್ಲವಾದರೆ ಪಂಪು ನಿಂತಾಗ ನೀರು ಹಿಂದಕ್ಕೆ ಹರಿದು ಅದನ್ನು ಕೆಡಿಸುತ್ತದೆ. ಗುಳ್ಳೆಬಿಲ್ಲೆಯನ್ನು ತಳದ ಕೆಸರಿನಿಂದ ಒಂದಡಿ ಮೇಲಿಡಬೇಕು. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಅದರ ಭಾರಕ್ಕೆ ಚೂಪಾದ ಕಲ್ಲನ್ನು ಕಟ್ಟಬಾರದು. ಎಲ್ಲಕ್ಕಿಂತ ಮುಖ್ಯವಾದುದು ಇದು: ಬಹುಕಾಲ ನಿಶ್ಚಲವಾಗಿದ್ದ ಹಳೆಯ ಕೊಳದಲ್ಲಿ ಮೊದಲ ದಿನವೇ ಪಂಪನ್ನು ರಾತ್ರಿಯೆಲ್ಲ ನಡೆಸಿದರೆ ತಳದ ಕೆಟ್ಟ ನೀರು, ಕೊಳೆತ ಮೊಟ್ಟೆಯ ನಾತದ ಅನಿಲ ಎಲ್ಲವೂ ಒಮ್ಮೆಲೇ ಮೇಲೆದ್ದು, ರಕ್ಷಿಸಹೊರಟ ಮೀನುಗಳನ್ನೇ ಕೊಲ್ಲಬಹುದು. ಮೊದಲ ದಿನ ಕಾಲು ಗಂಟೆ, ಮರುದಿನ ಅರ್ಧ ಗಂಟೆ, ಹೀಗೆ ದಿನದಿನಕ್ಕೆ ಎರಡು ಪಟ್ಟಾಗಿ ಅಭ್ಯಾಸ ಮಾಡಿಸಬೇಕು.

ಯಂತ್ರವೊಂದೇ ಸರ್ವರೋಗಹರವೆಂದು ನಂಬುವುದೂ ತಪ್ಪು. 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಹಸ್ರಾರು ಮೀನುಗಳು ಸತ್ತು ತೇಲಿದುವು. ಆ ಕೆರೆಯ ಸುತ್ತ ವಿದ್ಯುತ್ತಿಗೆ ಕೊರತೆಯಿತ್ತೇ? ಇಲ್ಲ. ಕೊರತೆಯಿದ್ದುದು ನೀರಿನಲ್ಲಿ ಕರಗಿದ ಆಮ್ಲಜನಕಕ್ಕೆ. ಚರಂಡಿಯ ಕೊಳೆ ಸೇರುವ ನೀರಿಗೆ ಎಷ್ಟು ಗಾಳಿಯೂಡಿದರೂ ಆ ಕೊಳೆಯೇ ಅದನ್ನು ನುಂಗಿಬಿಡುತ್ತದೆ. ಹೊಲದ ಹೊಂಡಕ್ಕೂ ಇದೇ ನ್ಯಾಯ. ಮೀನುಮರಿಗಳನ್ನು ಮಿತವಾಗಿ ಬಿಡಿ; ಮೋಡದ ದಿನ ಆಹಾರವನ್ನೂ ಗೊಬ್ಬರವನ್ನೂ ಹಾಕಬೇಡಿ. ತೋಳನ್ನು ನೀರಿನಲ್ಲಿ ಅದ್ದಿ ನೋಡಿ: ಮೊಣಕೈ ಮುಳುಗುವ ಮುನ್ನವೇ ಅಂಗೈ ಕಾಣದಾದರೆ ಪಾಚಿ ಮಿತಿಮೀರಿದೆಯೆಂದು ತಿಳಿಯಿರಿ.

ಹೊಂಡದ ಸುತ್ತ ಬಲವಾದ ಬೇಲಿಯನ್ನು ಕಟ್ಟಿಸಿ. ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಜಾರಿದ ಮಗುವಿಗೆ ಮೇಲೇರಲು ಹಿಡಿತ ಸಿಗುವುದಿಲ್ಲ. ಒಂದು ಗಂಟುಗಳುಳ್ಳ ಹಗ್ಗವನ್ನು ದಡದಿಂದ ನೀರಿಗೆ ಇಳಿಬಿಟ್ಟಿರಿ. ಮುಂದಿನ ಬಾರಿ ಹೊಲದಲ್ಲಿ ರಾತ್ರಿ ತಂಗಿದಾಗ, ಕೋಳಿ ಕೂಗುವ ಹೊತ್ತಿಗೆ ಎದ್ದು ಕೊಳದ ದಡಕ್ಕೆ ಹೋಗಿ ನೋಡಿ. ಮೀನುಗಳು ಬಾಯಿ ತೆರೆದು ಮೇಲೆ ನಿಂತಿದ್ದರೆ, ಅಂದೇ ಡೀಸೆಲ್ ಪಂಪಿನಿಂದ ಮೇಲ್ಪದರದ ನೀರನ್ನೆತ್ತಿ ಕೊಳಕ್ಕೇ ಮಳೆಯಂತೆ ಸುರಿಸಿರಿ. ಪಕ್ಕದ ಹೊಲದವನನ್ನು ಬೈಯುವುದಕ್ಕೆ ಬದಲಾಗಿ, ಪಂಪು ಇಲ್ಲದಿದ್ದರೆ ಅವನನ್ನೇ ಕೇಳಿ ತನ್ನಿರಿ.