ಕಾರಿನ ವಯಸ್ಸು ಕೇಳಿದರೆ ಸಾಲದು

ಹೊರದೇಶದಿಂದ ಬರುವ ಸೆಕೆಂಡ್ ಹ್ಯಾಂಡ್ ಕಾರುಗಳ ಮಾತು ಬಂದಾಗಲೆಲ್ಲ ಒಂದು ಸುಲಭದ ಪರಿಹಾರ ಕೇಳಿಬರುತ್ತದೆ: ಇಷ್ಟು ವರ್ಷ ಮೀರಿದ ಗಾಡಿಯನ್ನು ಬಂದರಿನೊಳಗೆ ಬಿಡಬೇಡಿ, ಅಷ್ಟು ಸಾಕು. ಕೆನ್ಯಾ ಎಂಟು ವರ್ಷದ ಮಿತಿ ಹಾಕಿಕೊಂಡಿದೆ. ಉಗಾಂಡ 2018ರಲ್ಲಿ ಹದಿನೈದು ವರ್ಷ ದಾಟಿದವನ್ನು ನಿಷೇಧಿಸಿತು. ನಮ್ಮ ದೇಶದ್ದು ಇನ್ನೂ ಬಿಗಿ. ಬಳಸಿದ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನಿಂದಲೇ ಬರಬೇಕು. ಮೇಲೆ ಬೆಲೆಯನ್ನೂ ಮೀರಿಸುವ ಸುಂಕ. ಈ ಮಿತಿಗಳನ್ನು ಸುರಕ್ಷತೆಯ ಮಾನದಂಡ ಎಂದು ಕರೆಯುವುದನ್ನು ನಾನು ಒಪ್ಪಲಾರೆ. ತಯಾರಾದ ವರ್ಷ ಕಾಗದದಲ್ಲೇ ಇರುತ್ತದೆ, ಓದುವುದಕ್ಕೆ ಕಷ್ಟವಿಲ್ಲ. ಡಿಕ್ಕಿಯಾದಾಗ ಒಳಗೆ ಕೂತವರ ಗತಿ ಏನು ಎಂಬುದು ಆ ಕಾಗದದಲ್ಲಿ ಇರುವುದಿಲ್ಲ.

ಹೊಸದೆಲ್ಲ ಭದ್ರ ಎಂಬ ನಂಬಿಕೆಯ ಕಥೆ ಏನಾಯಿತು ನೋಡಿ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಹೊಸ ಕಾರುಗಳನ್ನು, ಏರ್‌ಬ್ಯಾಗ್ ಇಲ್ಲದ ಅಗ್ಗದ ಆವೃತ್ತಿಗಳನ್ನು, ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ಪರೀಕ್ಷಿಸಿತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ, ಐದಕ್ಕೂ ಸೊನ್ನೆ ಸ್ಟಾರ್. ನಾಲ್ಕು ವರ್ಷ ಹಳೆಯ ಜಪಾನಿ ಕಾರಿಗೆ ಬಾಗಿಲು ಮುಚ್ಚಿದ್ದ ಅದೇ ದೇಶದ ಶೋರೂಮುಗಳಲ್ಲಿ ಇವು ಹೂಮಾಲೆ ಹಾಕಿಸಿಕೊಂಡು ರಸ್ತೆಗೆ ಇಳಿಯುತ್ತಿದ್ದವು. ಚಾಲಕನ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಇರಲೇಬೇಕು ಎಂಬ ನಿಯಮ ಹೊಸ ಮಾದರಿಗಳಿಗೆ ಅನ್ವಯವಾಗಿದ್ದೇ 2021ರ ಏಪ್ರಿಲ್‌ನಲ್ಲಿ. ಮೂರು ವರ್ಷದ ನಿಯಮ ಕಾಪಾಡಿದ್ದು ಕಾರ್ಖಾನೆಗಳನ್ನು. ಅದು ತಪ್ಪು ಎನ್ನುತ್ತಿಲ್ಲ, ಆದರೆ ಅದಕ್ಕೆ ಪ್ರಯಾಣಿಕರ ರಕ್ಷಣೆಯ ಹೆಸರು ಬೇಡ.

ಇದಕ್ಕಿಂತ ನೇರವಾದ ಸಾಕ್ಷ್ಯವನ್ನು ಅದೇ ಸಂಸ್ಥೆ ಆಮೇಲೆ ಒದಗಿಸಿತು. ಆಫ್ರಿಕದಲ್ಲಿ ಮಾರುತ್ತಿದ್ದ ಹೊಚ್ಚ ಹೊಸ ನಿಸ್ಸಾನ್ ಎನ್‌ಪಿ300 ಹಾರ್ಡ್‌ಬಾಡಿ ಪಿಕಪ್ಪನ್ನು ಯುರೋಪಿನ 2015ರ ಒಂದು ಸೆಕೆಂಡ್ ಹ್ಯಾಂಡ್ ನವಾರಾಗೆ ಎದುರುಬದುರಾಗಿ ಗುದ್ದಿಸಿದರು. ಹೊಸ ಗಾಡಿಯ ಚಾಲಕ ಸಾಯುವ ಸಂಭವವೇ ಹೆಚ್ಚು, ಹಳೆಯದರ ಚಾಲಕ ಬಹುಶಃ ಇಳಿದು ನಡೆದುಹೋಗುತ್ತಿದ್ದ ಎಂಬುದು ಅವರ ನಿರ್ಣಯ. ಕಂಪನಿ ಒಂದೇ. ಯಾವ ದೇಶದ ಕಾನೂನಿಗಾಗಿ ಕಟ್ಟಿದ ಗಾಡಿ ಎಂಬುದಷ್ಟೇ ಬೇರೆ.

ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎಂದೇನೂ ಅಲ್ಲ. ವಯಸ್ಸಿನ ಮಿತಿಗೆ ಕಾಣದ ಅಪಾಯ ಎಂಥದು ಎಂಬುದಕ್ಕೆ ಟಕಾಟಾ ಏರ್‌ಬ್ಯಾಗಿನ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಜಪಾನಿ ಕಂಪನಿ ಏರ್‌ಬ್ಯಾಗನ್ನು ಉಬ್ಬಿಸಲು ಅಮೋನಿಯಂ ನೈಟ್ರೇಟ್ ಬಳಸಿತು. ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿದರೆ ಆ ರಾಸಾಯನಿಕ ಕೆಡುತ್ತದೆ. ಕೆಟ್ಟಮೇಲೆ ಸಣ್ಣ ಡಿಕ್ಕಿಗೂ ಅತಿಯಾದ ರಭಸದಿಂದ ಸಿಡಿಯುತ್ತದೆ, ಲೋಹದ ಡಬ್ಬಿ ಚೂರಾಗಿ ಚಾಲಕನ ಕತ್ತಿಗೆ, ಮುಖಕ್ಕೆ ನುಗ್ಗುತ್ತದೆ. ಜಗತ್ತಿನಾದ್ಯಂತ ಇಂಥ ಸುಮಾರು 10 ಕೋಟಿ ಡಬ್ಬಿಗಳನ್ನು, ಅಂದರೆ ಇನ್‌ಫ್ಲೇಟರ್‌ಗಳನ್ನು, ಹಿಂದಕ್ಕೆ ಕರೆಯಬೇಕಾಯಿತು. 2017ರಲ್ಲಿ ಟಕಾಟಾ ದಿವಾಳಿ ಅರ್ಜಿ ಹಾಕಿತು.

ಹೀಗೆ ಹಿಂದಕ್ಕೆ ಕರೆಯುವುದು (ರಿಕಾಲ್) ಅಂದರೆ ನೋಂದಾಯಿತ ಮಾಲೀಕರ ವಿಳಾಸಕ್ಕೆ ಒಂದು ಪತ್ರ. ಕಾರು ಅಷ್ಟರಲ್ಲಿ ಹಡಗು ಹತ್ತಿ ಮೊಂಬಾಸಕ್ಕೋ ದಾರ್ ಎಸ್ ಸಲಾಮಿಗೋ ಹೋಗಿದ್ದರೆ ಆ ಪತ್ರ ಯಾರ ಮನೆಗೆ ಹೋಗಬೇಕು? ಜಪಾನಿನೊಳಗೆ ಮಾರಲೆಂದು ಮಾಡಿದ ಕಾರುಗಳ ಚಾಸಿಸ್ ನಂಬರು ಬೇರೆ ದೇಶಗಳಲ್ಲಿ ಬಳಸುವ ಹದಿನೇಳು ಅಕ್ಷರಾಂಕಗಳ ಗುರುತಿನ ಕ್ರಮದಲ್ಲಿ ಇರುವುದಿಲ್ಲ, ಹಾಗಾಗಿ ಹುಡುಕಹೊರಟವರಿಗೂ ಕಷ್ಟ. ಕಾರು ತಲುಪಿದ ಊರು ಆ ರಾಸಾಯನಿಕಕ್ಕೆ ತೀರ ಆಗಿಬರದ ಕರಾವಳಿಯ ಸೆಕೆಯೂರು. ಏಳನೇ ವರ್ಷಕ್ಕೆ ಬಂದಿಳಿದ ಕಾರು ಕೆನ್ಯಾದ ಕಾಯಿದೆಗೆ ಸರಿಯಾಗಿಯೇ ಇರುತ್ತದೆ. ಅದು ಅಲ್ಲಿ ಇನ್ನೂ ಹದಿನೈದೋ ಇಪ್ಪತ್ತೋ ವರ್ಷ ಓಡುತ್ತದೆ, ಬಂದರಿನಲ್ಲಿ ವಯಸ್ಸು ಕೇಳಿದ ಅಧಿಕಾರಿ ಮತ್ತೆಂದೂ ಅದನ್ನು ನೋಡುವುದಿಲ್ಲ.

ಕೊಳ್ಳುವವನೇ ನೋಡಿಕೊಳ್ಳಲಿ ಎನ್ನುವವರಿಗೆ ಇಷ್ಟೇ ಕೇಳುತ್ತೇನೆ, ಸ್ಟೀರಿಂಗಿನೊಳಗೆ ಮುಚ್ಚಿಟ್ಟ ರಾಸಾಯನಿಕವನ್ನು ಯಾವ ಗಿರಾಕಿ ಮೂಸಿ ನೋಡಿಯಾನು?

ಆದರೆ ಇನ್ನೊಂದು ವಾದವಿದೆ, ಅದನ್ನು ನಾನು ಗೌರವಿಸುತ್ತೇನೆ. ಕಂಪಾಲದ ಒಬ್ಬ ಮೇಷ್ಟ್ರಿಗೆ ಹಳೆಯ ಕೊರೊಲ್ಲಾ ಸಿಗದಿದ್ದರೆ ಅವರು ಹೊಸ ಕಾರು ಕೊಳ್ಳುವುದಿಲ್ಲ, ಹೆಂಡತಿ ಮಕ್ಕಳನ್ನು ಬೋಡಾ ಬೋಡಾ ಎಂಬ ಬಾಡಿಗೆ ಬೈಕಿನ ಹಿಂದೆ ಕೂರಿಸುತ್ತಾರೆ. ಎಂಥ ಹಳೆಯ ಕಾರಿಗಿಂತಲೂ ಅದು ಅಪಾಯದ ಸವಾರಿ. ಮಾನದಂಡ ಬೆಲೆ ಏರಿಸಿದರೆ ಜೀವಹಾನಿ ಹೆಚ್ಚಲೂಬಹುದು. ನಿಜ. ಆದರೆ ಈ ವಾದ ತಟ್ಟುವುದು ನಿಷೇಧಕ್ಕೆ, ತಪಾಸಣೆಗಲ್ಲ. ಕೊರೊಲ್ಲಾ ಬರಲಿ. ಅದರ ಚಾಸಿಸ್ ತುಕ್ಕು ತಿಂದಿದೆಯೇ, ಅಪಘಾತವಾಗಿ ಕತ್ತರಿಸಿ ಬೆಸುಗೆ ಹಾಕಿದ್ದೇ, ಏರ್‌ಬ್ಯಾಗ್ ಬದಲಿಸಿದ್ದಾರೆಯೇ, ಬ್ರೇಕು ಹಿಡಿಯುತ್ತದೆಯೇ ಎಂದು ನೋಡಿ ಬರಲಿ.

ನ್ಯೂಜಿಲೆಂಡ್ ಮಾಡುತ್ತಿರುವುದು ಹೆಚ್ಚುಕಡಿಮೆ ಇದನ್ನೇ. ಜಪಾನಿನ ಬಳಸಿದ ಕಾರುಗಳಿಗೆ ಅದು ಹಳೆಯ ಗಿರಾಕಿ. ಬಂದ ಗಾಡಿಯ ಮೈಕಟ್ಟಿನಲ್ಲಿ ತುಕ್ಕೋ ಹಳೆಯ ಪೆಟ್ಟೋ ಕಂಡರೆ ಪರಿಣತರು ದುರಸ್ತಿಯನ್ನು ಪ್ರಮಾಣೀಕರಿಸಿದ ಮೇಲೆಯೇ ರಸ್ತೆಗೆ ಬಿಡುತ್ತಾರೆ. ತಿರುವಿನಲ್ಲಿ ಕಾರು ಜಾರಿ ಹಿಡಿತ ತಪ್ಪದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಒಮ್ಮೆಲೇ ಹೇರದೆ, 2016ರಲ್ಲಿ ಎಸ್‌ಯುವಿಗಳಿಗೆ, 2018ರಲ್ಲಿ ದೊಡ್ಡ ಎಂಜಿನ್ ಕಾರುಗಳಿಗೆ, 2020ರಲ್ಲಿ ಉಳಿದವಕ್ಕೆ ಕಡ್ಡಾಯ ಮಾಡಿದರು. ಕಾರುಗಳು ಬರುವುದೇನೂ ನಿಲ್ಲಲಿಲ್ಲ. ಟಕಾಟಾದ ಅತಿ ಅಪಾಯದ ಬಗೆಯನ್ನು 2018ರಲ್ಲಿ ಸರ್ಕಾರವೇ ಕಡ್ಡಾಯವಾಗಿ ವಾಪಸ್ ತರಿಸಿತು.

ಅದು ದುಡ್ಡಿರುವ ದೇಶ, ಎಲ್ಲರಿಗೂ ಆಗುತ್ತದೆಯೇ ಎಂದರೆ, ಆಗುವುದಿಲ್ಲ. ಅದಕ್ಕೇ ಹೊಣೆ ಕಳಿಸುವವರದೂ ಆಗಬೇಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2020ರ ವರದಿಯ ಪ್ರಕಾರ 2015ರಿಂದ 2018ರವರೆಗೆ 1.4 ಕೋಟಿ ಹಗುರ ವಾಹನಗಳು ಹೀಗೆ ದೇಶ ದಾಟಿದವು, ಅವುಗಳಲ್ಲಿ ಸುಮಾರು ಶೇಕಡ 40 ಆಫ್ರಿಕಕ್ಕೆ. ನೆದರ್ಲೆಂಡ್ಸ್‌ನ ಬಂದರುಗಳಲ್ಲಿ ಅಂಥ ಗಾಡಿಗಳನ್ನು ಪರಿಶೀಲಿಸಿದಾಗ ಹೆಚ್ಚಿನವಕ್ಕೆ ಹೊರಡುವ ಹೊತ್ತಿಗೆ ಚಾಲ್ತಿಯಲ್ಲಿರುವ ಫಿಟ್‌ನೆಸ್ ಪ್ರಮಾಣಪತ್ರವೇ ಇರಲಿಲ್ಲ. ತನ್ನ ಊರಿನ ರಸ್ತೆಗೆ ನಾಲಾಯಕ್ಕಾದದ್ದನ್ನು ಪರರ ಮಕ್ಕಳು ಕೂರಲಿ ಎಂದು ಹಡಗಿಗೆ ಏರಿಸುವುದು ವ್ಯಾಪಾರವಲ್ಲ, ಅನ್ಯಾಯ. ರಸ್ತೆಗೆ ಯೋಗ್ಯವಾದದ್ದನ್ನು ಮಾತ್ರ ರಫ್ತು ಮಾಡಬೇಕೆಂಬ ಪ್ರಸ್ತಾವವನ್ನು ಐರೋಪ್ಯ ಆಯೋಗ 2023ರ ಜುಲೈನಲ್ಲಿ ಮಂಡಿಸಿತು. ಜಪಾನೂ ಅಮೆರಿಕವೂ ಅದೇ ದಾರಿ ಹಿಡಿಯಬೇಕು. ಜೊತೆಗೆ ರಿಕಾಲ್ ದುರಸ್ತಿ ಬಾಕಿ ಇರುವ ಕಾರಿಗೆ ರಫ್ತಿನ ಕಾಗದ ಕೊಡಲೇಬಾರದು.

ನಮಗೂ ಇದು ದೂರದ ಮಾತಲ್ಲ. ದೆಹಲಿಯಲ್ಲಿ ಹತ್ತು ವರ್ಷ ತುಂಬಿದ ಡೀಸೆಲ್ ಗಾಡಿಗಳು ಓಡುವಂತಿಲ್ಲ ಎಂಬ ಆದೇಶ ಬಂದ ಮೇಲೆ ಅವು ಅವಧಿ ಮುಗಿಯುವ ಮುಂಚೆ ಅಗ್ಗಕ್ಕೆ ಮಾರಾಟವಾಗುತ್ತ ಬಂದವು. ಎನ್‌ಒಸಿ ಹಿಡಿದು ಅಲ್ಲಿಂದ ಬಂದ ಕಾರುಗಳು ಬೆಂಗಳೂರಿನ ಡೀಲರುಗಳ ಅಂಗಳದಲ್ಲಿ ಸಾಲಾಗಿ ನಿಂತಿರುತ್ತವೆ. ಕೆಎ ನಂಬರು ಕೊಡುವ ಮೊದಲು ಆರ್‌ಟಿಒ ಕಚೇರಿ ತೆರಿಗೆಯ ಲೆಕ್ಕವನ್ನು ಎಷ್ಟು ಶ್ರದ್ಧೆಯಿಂದ ನೋಡುತ್ತದೋ ಅಷ್ಟೇ ಶ್ರದ್ಧೆಯಿಂದ ಬಾಕಿ ರಿಕಾಲನ್ನೂ ಹಳೆಯ ಅಪಘಾತದ ದುರಸ್ತಿಯನ್ನೂ ನೋಡಲಿ. ದೇಶದ ಬಹುತೇಕ ರಾಜ್ಯಗಳ ನೋಂದಣಿ ಈಗ ‘ವಾಹನ್’ ಎಂಬ ಒಂದೇ ಗಣಕ ವ್ಯವಸ್ಥೆಯಲ್ಲಿದೆ, ಕಂಪನಿಗಳ ರಿಕಾಲ್ ಪಟ್ಟಿಯನ್ನು ಅದಕ್ಕೆ ಜೋಡಿಸಲು ಯಾವ ದೇಶದ ಒಪ್ಪಿಗೆಯೂ ಬೇಕಿಲ್ಲ.