ಇಸ್ಪೀಟಿನಲ್ಲಿ ಜಾಣನಿಗೆ ಉಳಿಯೋದೆಷ್ಟು?

ನಾಗರ ಪಂಚಮಿ ಬಂತಂದ್ರೆ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಜೋಕಾಲಿ ಜೊತೆಗೇ ಇಸ್ಪೀಟ್ ಎಲೆಗಳೂ ಹೊರಗೆ ಬರ್ತವೆ. ಮೊದಲೆಲ್ಲ ಅಂದರ್-ಬಾಹರ್. ಅದರಲ್ಲಿ ಬುದ್ಧಿಗೆ ಕೆಲಸವೇ ಇಲ್ಲ, ಬರೀ ಅದೃಷ್ಟ. ಈಗ ಬೆಂಗಳೂರು, ಹೈದರಾಬಾದಿನಿಂದ ರಜೆಗೆ ಬರೋ ಹುಡುಗರು ಪೋಕರ್ ಮಾತಾಡ್ತಾರೆ. ಅವರ ವಾದ ಇಷ್ಟು: “ಸಣ್ಣ ಟೇಬಲ್‌ನಲ್ಲಿ ಆಡೋರೆಲ್ಲ ಹೊಸಬರು. ಲೆಕ್ಕ ಬಲ್ಲವನಿಗೆ ತಿಂಗಳ ಖರ್ಚು ಆರಾಮಾಗಿ ಹುಟ್ತದೆ.”

ಇದರಲ್ಲಿ ಅರ್ಧ ನಿಜ ಇದೆ. ಸಣ್ಣ ಟೇಬಲ್‌ನಲ್ಲಿ ಎದುರಾಳಿಗಳು ತಪ್ಪು ಮಾಡ್ತಾರೆ, ತಾಳ್ಮೆ ಇದ್ದವನು ಅವರಿಗಿಂತ ಚೆನ್ನಾಗಿ ಆಡ್ತಾನೆ. ಆದರೆ ಟೇಬಲ್ ನಡೆಸುವವನ ಕಮಿಷನ್ ಲೆಕ್ಕ ಯಾರೂ ಹಾಕಲ್ಲ.

ಒಂದು ಉದಾಹರಣೆ ನೋಡೋಣ. ಆರು ಜನ ತಲಾ ₹200 ತಂದು ಆನ್‌ಲೈನ್ ಟೇಬಲ್‌ಗೆ ಕೂತಿದ್ದಾರೆ, ಒಟ್ಟು ₹1200. ಬ್ಲೈಂಡ್, ಅಂದ್ರೆ ಕಡ್ಡಾಯವಾಗಿ ಇಡಬೇಕಾದ ಪಣ, ₹1 ಮತ್ತು ₹2. ಪ್ರತಿ ಆಟಕ್ಕೆ ಸರಾಸರಿ ₹20 ಸೇರ್ತದೆ, ಕಮಿಷನ್ ಶೇ. 5 ಅಂದ್ರೆ ₹1. ತಾಸಿಗೆ 60 ಆಟ ಆದರೆ ₹60 ಹೋಯ್ತು. 20 ತಾಸು ಆಡಿದರೆ ಆರೂ ಜನ ತಂದ ಪೂರ್ತಿ ರೊಕ್ಕ ಟೇಬಲ್ ನಡೆಸುವವನ ಜೇಬಿಗೆ! ಹೆಚ್ಚಿನ ಕಡೆ ಈ ಕಮಿಷನ್‌ಗೆ ಒಂದು ಗರಿಷ್ಠ ಮಿತಿ ಇರ್ತದೆ. ಆ ಮಿತಿಯ ಲಾಭ ಸಿಗೋದು ದೊಡ್ಡ ಟೇಬಲ್‌ನವರಿಗೆ. ಪಣ ಸಣ್ಣದಾದಷ್ಟೂ ಈ ಹೊರೆ ಭಾರ.

ಇಷ್ಟೆಲ್ಲ ಕಳೆದೂ 100 ಆಟಕ್ಕೆ ಐದು ದೊಡ್ಡ ಬ್ಲೈಂಡ್ ಉಳಿಸಿದವನು ಒಳ್ಳೆ ಆಟಗಾರನೇ. ನಮ್ಮ ಟೇಬಲ್‌ನಲ್ಲಿ ಅದು ₹10. ತಾಸಿಗೆ ₹6, ಎಂಟು ತಾಸಿಗೆ ₹48. 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ ₹370. ಒಟ್ಟಿಗೆ ನಾಲ್ಕು ಟೇಬಲ್ ತೆರೆದು ಕೂತರೂ ದಿನಕ್ಕೆ ₹192. ಮೇಲೆ ತೆರಿಗೆ ಬೇರೆ: 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ಶೇ. 30 ಟಿಡಿಎಸ್, ಅದೇ ವರ್ಷ ಅಕ್ಟೋಬರ್‌ನಲ್ಲಿ ಹಾಕಿದ ಹಣದ ಮೇಲೆ ಶೇ. 28 ಜಿಎಸ್‌ಟಿ ಜಾರಿಗೆ ಬಂದಿತ್ತು.

“ಕೋರ್ಟೇ ಇದನ್ನ ಕೌಶಲದ ಆಟ ಅಂದಿದೆಯಲ್ಲ?” ಅಂತ ಕೇಳ್ತಾರೆ. ರಮ್ಮಿಯಲ್ಲಿ ಕೌಶಲವೇ ಮುಖ್ಯ ಅಂತ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ ನಮ್ಮ ರಾಜ್ಯದ 2021ರ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತು. ಆ ತೀರ್ಪುಗಳು ಆಟ ಜೂಜು ಹೌದೋ ಅಲ್ಲವೋ ಅನ್ನೋದಕ್ಕೆ ಉತ್ತರ ಕೊಟ್ಟವು. ಆಡಿದವನಿಗೆ ಸಂಪಾದನೆ ಆಗ್ತದೆ ಅಂತ ಯಾವ ತೀರ್ಪೂ ಹೇಳಿಲ್ಲ. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾಸ್ ಮಾಡಿತು, ದೊಡ್ಡ ದೊಡ್ಡ ಆ್ಯಪ್‌ಗಳು ರೊಕ್ಕದ ಟೇಬಲ್ ಮುಚ್ಚಿದವು. ಈಗ ಯಾರಾದರೂ ಲಿಂಕ್ ಕಳಿಸಿ “ಇಲ್ಲಿ ಆಡು” ಅಂದರೆ, ಅಲ್ಲಿ ಹಾಕಿದ ಹಣ ವಾಪಸ್ ಬರೋ ಖಾತ್ರಿಯೂ ಇಲ್ಲ.

ಹಾಗಾದ್ರೆ ಮನೆಯ ಅಂಗಳದ ಟೇಬಲ್? ಅಲ್ಲಿ ಕಮಿಷನ್ ಇಲ್ಲ, ನಿಜ. ಆದರೆ ನೀವು ಗೆದ್ದ ಒಂದೊಂದು ರೂಪಾಯಿಯೂ ಪಕ್ಕದಲ್ಲಿ ಕೂತ ಗೆಳೆಯನದ್ದು. ತೊಗರಿಗೆ ರೇಟ್ ಬಿದ್ದ ವರ್ಷ ಅವನ ಅಪ್ಪ ಹೇಗೆ ಬೀಜ-ಗೊಬ್ಬರಕ್ಕೆ ಸಾಲ ಮಾಡಿದ್ದ ಅಂತ ನಿಮಗೇ ಗೊತ್ತಿರ್ತದೆ. ಇನ್ನು ಒಂದು ರಾತ್ರಿಯ ನೂರು ಆಟದಲ್ಲಿ ಗೆದ್ದವನು ಜಾಣನೋ ಅದೃಷ್ಟವಂತನೋ ಹೇಳೋಕೇ ಬರಲ್ಲ. ಅದು ತಿಳಿಯೋಕೆ ಸಾವಿರಾರು ಆಟಗಳ ಲೆಕ್ಕ ಬೇಕು. ಗೆದ್ದವನು “ನನ್ನ ಬುದ್ಧಿ” ಅಂತಾನೆ, ಸೋತವನು “ಎಲೆ ಬೀಳಲಿಲ್ಲ” ಅಂತಾನೆ. ಮರುದಿನ ಇಬ್ಬರೂ ಇನ್ನೂ ದೊಡ್ಡ ಪಣಕ್ಕೆ ಕೂರ್ತಾರೆ. ಸಾಲದ ಆ್ಯಪ್ ತೆರೆಯೋದು ಆವಾಗಲೇ.

ನನ್ನನ್ನು ಕೇಳಿದರೆ, ಪೋಕರ್ ಒಳ್ಳೆಯ ಆಟ. ಸಂಭವನೀಯತೆ ಕಲಿಸ್ತದೆ, ಎದುರಿನವರ ಮನಸ್ಸು ಓದೋದು ಕಲಿಸ್ತದೆ. ಈ ಪಂಚಮಿಗೆ ಶೇಂಗಾ ಬೀಜ ಪಣಕ್ಕಿಟ್ಟು ಆಡಿ. ಅದನ್ನು ದುಡಿಮೆ ಅಂತ ಯಾರಾದರೂ ಹೇಳಿದರೆ ಮಾತ್ರ, ತಾಸಿಗೆ ಎಷ್ಟು ಬಿತ್ತು ಅಂತ ಒಂದು ಮಾತು ಕೇಳಿ.