ಓದಿನಲ್ಲಿ ತಡವರಿಸುವ ಬಾಲಿಕೆಯರ ವಿಷಯವಾಗಿ

ಮಾತಿನಲ್ಲಿ ಚುರುಕಾಗಿದ್ದು ಪುಸ್ತಕದ ಮುಂದೆ ಮಾತ್ರ ತಡವರಿಸುವ ಬಾಲಿಕೆಯನ್ನು ಸೋಮಾರಿ ಎಂದು ಜರೆಯುವದು ನಮ್ಮ ಸೇಡಂ, ಚಿತ್ತಾಪುರ ಸೀಮೆಯಲ್ಲಿ ಇಂದಿಗೂ ಉಂಟು. ಈ ತೊಡಕಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. ಜಾಣನಾಗಿಯೂ ಓದಲಾರದ 14 ವರ್ಷದ ಹುಡುಗನೊಬ್ಬನ ಸಂಗತಿಯನ್ನು ಇಂಗ್ಲೆಂಡಿನ ವೈದ್ಯರಾದ ಪ್ರಿಂಗಲ್ ಮಾರ್ಗನ್ನರು 1896ರಲ್ಲಿಯೇ ಪ್ರಕಟಿಸಿದ್ದರು. ಬುದ್ಧಿ ಬೇರೆ, ಓದು ಬೇರೆ ಎಂಬುದು ನಮ್ಮವರಿಗೆ ಹೊಸ ಮಾತೇನೂ ಅಲ್ಲ. ಆದಿತ್ಯನಗರದ ನೆರೆಯ ಮಳಖೇಡದ ರಾಷ್ಟ್ರಕೂಟ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಓದಿ ಕಲಿಯದವರೂ ಕಾವ್ಯದಲ್ಲಿ ನಿಪುಣರೆಂದು ಕನ್ನಡಿಗರನ್ನು ಹೊಗಳಿದೆಯಷ್ಟೆ.

ಎಳೆಯ ವಯಸ್ಸಿನಲ್ಲಿ ಮಾತು ತಡವಾಗಿ ಬರುವದು, ಪ್ರಾಸದ ಪದಗಳನ್ನು ಹಿಡಿಯಲಾರದಿರುವದು ಮೊದಲಾದ ಸೂಚನೆಗಳು ಕಂಡಾವು. ಆದರೆ ಒಂದನೆಯ, ಎರಡನೆಯ ತರಗತಿಯಲ್ಲಿ ದುಡುಕಿ ತೀರ್ಮಾನಿಸಲಾಗದು. ಯಾಕಂದರೆ ನಮ್ಮ ಗುಣಿತಾಕ್ಷರ, ಒತ್ತಕ್ಷರಗಳು ನೂರಾರು, ಅವು ಎಲ್ಲ ಮಕ್ಕಳಿಗೂ ಕೈವಶವಾಗಲು ಮೂರು ನಾಲ್ಕು ವರ್ಷಗಳು ಹಿಡಿಯುವವು. ಮನೆಯಲ್ಲಿ ಲಂಬಾಣಿ, ಉರ್ದು ಇಲ್ಲವೆ ತೆಲುಗನ್ನು ಆಡುವ ಮಗುವಿಗೆ ಇನ್ನಷ್ಟು ಕಾಲ ಕೊಡಬೇಕು. ಮಹಾಪ್ರಾಣ ತಪ್ಪಿದ ಮಾತ್ರಕ್ಕೆ ಗಾಬರಿಪಡುವ ತಂದೆಗಳಿದ್ದಾರೆ. ಅದನ್ನು ಹಿರಿಯರೂ ತಪ್ಪುವರು! ನಾಲ್ಕನೆಯ ತರಗತಿಗೆ ಬಂದ ಮೇಲೆಯೂ ಒಂದೊಂದೇ ಅಕ್ಷರ ಕೂಡಿಸುತ್ತ ಓದಿದರೆ, ನಿನ್ನೆ ಓದಿದ ಪದ ಇಂದು ಅಪರಿಚಿತವಾದರೆ, ಬಾಯಿಂದ ಸರಿಯಾಗಿ ಉತ್ತರ ಹೇಳುವವಳು ಅದನ್ನೇ ಬರೆಯಲಾರದಿದ್ದರೆ, ಆಗ ಎಚ್ಚರವಾಗಬೇಕು. ಮೊದಲು ಕಣ್ಣು, ಕಿವಿಗಳನ್ನು ತೋರಿಸುವದು ಯುಕ್ತ.

ಹೈಸ್ಕೂಲಿನಲ್ಲಿ ಗುರುತಿಸುವದು ಕಠಿಣ. ಹುಡುಗರಾದರೆ ಗದ್ದಲ ಮಾಡಿ ಕಣ್ಣಿಗೆ ಬೀಳುವರು. ನಮ್ಮ ಬಾಲಿಕೆಯರು ಪಾಠವನ್ನೆಲ್ಲ ಬಾಯಿಪಾಠ ಮಾಡಿ, ಗೆಳತಿಯ ವಹಿ ನೋಡಿ ಬರೆದು, ಹಿಂದಿನ ಬೆಂಚಿನಲ್ಲಿ ಮೌನವಾಗಿರುವರು. ಗಟ್ಟಿಯಾಗಿ ಓದಿಸುವ ದಿನವೇ ಅವರಿಗೆ ತಲೆನೋವು. ಇಂಗ್ಲಿಷಿನಲ್ಲಿ ಕಷ್ಟ ಇಮ್ಮಡಿ. ಪರೀಕ್ಷೆಯಲ್ಲಿ ನಪಾಸಾದೊಡನೆ ಶಾಲೆ ಬಿಡಿಸಿ ಮದುವೆಯ ಮಾತೆತ್ತುವ ಪೋಷಕರನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ದಡ್ಡಳೆಂಬ ಹೆಸರು ಹೊತ್ತು ಅತ್ತೆಯ ಮನೆಗೆ ಹೋದವಳಿಗೆ ಅದನ್ನು ಅಲ್ಲಿ ತೊಡೆಯುವವರಾರು?

ಇದಕ್ಕೆ ಉಪಾಯವಿದೆ. ಕನ್ನಡದಲ್ಲಿಯೂ ಪರೀಕ್ಷಿಸಬಲ್ಲ ‘ಡಾಲಿ’ ಎಂಬ ಸಾಧನವು 2015ರಲ್ಲಿ ಬಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಈ ತೊಡಕನ್ನು ಅಂಗೀಕರಿಸಿದೆ. ವೈದ್ಯಕೀಯ ಪ್ರಮಾಣಪತ್ರವಿದ್ದಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮೊದಲಾದ ಅನುಕೂಲಗಳು ದೊರೆಯುವವು. ಧ್ವನಿಗೂ ಅಕ್ಷರಕ್ಕೂ ಇರುವ ಸಂಬಂಧವನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸಿದರೆ ಓದು ಸುಧಾರಿಸುವದು.

ಈ ತೊಡಕು ವಂಶದಲ್ಲಿ ಬರುವದುಂಟು. ಆದಕಾರಣ ಇದನ್ನು ಓದುತ್ತಿರುವ ಪೂರ್ವವಿದ್ಯಾರ್ಥಿನಿಯರಲ್ಲಿ ಕೆಲವರು ತಮ್ಮ ಬಾಲ್ಯವನ್ನೇ ಇಲ್ಲಿ ಕಂಡರೆ ಆಶ್ಚರ್ಯವಿಲ್ಲ. ಅಂಥವರು ತಮ್ಮ ಹೆಣ್ಣುಮಕ್ಕಳ ಕನ್ನಡ ಬರಹದ ಎರಡು ವರ್ಷಗಳ ವಹಿಗಳನ್ನು ತೆಗೆದುಕೊಂಡು ಯಾವ ಶನಿವಾರವಾದರೂ ನಮ್ಮಲ್ಲಿಗೆ ಬರಬಹುದು.